ಪ್ರಾಗ್ ಪಟ್ಟಣದ ಕಾಲುದಾರಿಗಳು

ಮೇಘದೂತದ ಯಕ್ಷನು ಮೇಘಕ್ಕೆ ದಾರಿಯನ್ನು ಹೇಳುವಾಗ, ಉತ್ತರಕ್ಕೆ ಹೊರಟವನಿಗೆ ಉಜ್ಜಯಿನಿಯು ಸುತ್ತುದಾರಿಯೆಂಬುದನ್ನು ತಾನೇ ಒಪ್ಪಿಕೊಂಡು, ಆದರೂ ಅದನ್ನು ನೋಡದೆ ಹೋಗಬೇಡವೆಂದು ಬೋಧಿಸುತ್ತಾನೆ. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಮಕ್ಕಳಿಗೆ ಪಾಠ ಹೇಳಿದ ನಾನು ಈ ಮಾತನ್ನು ಕೇವಲ ಕವಿಚಮತ್ಕಾರವೆಂದೇ ತಿಳಿದಿದ್ದೆನು. ನೇರವಾದ ದಾರಿಯಲ್ಲಿ ಊರು ಮಾತ್ರ ಕಾಣುತ್ತದೆ, ಸುತ್ತುದಾರಿಯಲ್ಲಿ ಊರಿನ ಮನಸ್ಸು ಕಾಣುತ್ತದೆ ಎಂಬ ಅರ್ಥವು ಅದರಲ್ಲಿ ಅಡಗಿದೆಯೆಂದು ನನಗೆ ತಿಳಿದದ್ದು ಅರುವತ್ತು ದಾಟಿದ ಮೇಲೆ, ಅದೂ ಯೂರೋಪಿನ ನಡುವಣ ಪ್ರಾಗ್ ಪಟ್ಟಣದಲ್ಲಿ.

ನಮ್ಮ ಮಗನು ಉದ್ಯೋಗನಿಮಿತ್ತವಾಗಿ ಆ ಊರಿನಲ್ಲಿರುವನು. ಅವನ ಒತ್ತಾಯಕ್ಕೆ ಕಟ್ಟುಬಿದ್ದು ನಾನೂ ನನ್ನ ಧರ್ಮಪತ್ನಿಯೂ ಒಂದು ವಸಂತಕಾಲದಲ್ಲಿ ಆರು ವಾರ ಅಲ್ಲಿದ್ದೆವು. ಮೊದಲ ವಾರದಲ್ಲಿ ಎಲ್ಲರೂ ನೋಡುವುದನ್ನು ನೋಡಿ ಮುಗಿಸಿದೆವು. ೧೪೧೦ರಲ್ಲಿ ನಿರ್ಮಿತವಾದ ಖಗೋಳಗಡಿಯಾರದ ಮುಂದೆ ಜನಜಂಗುಳಿಯಲ್ಲಿ ನಿಂತು ಕೊರಳು ನೋಯಿಸಿಕೊಂಡದ್ದೂ ಆಯಿತು. ಬಳಿಕ ನಮ್ಮ ಮನೆಯವರು, “ಇನ್ನು ಗುಂಪಿನಲ್ಲಿ ಬೇಡ; ನಾವಿಬ್ಬರೇ ಎಲ್ಲಾದರೂ ಸುಮ್ಮನೆ ನಡೆದು ಬರೋಣ” ಎಂದರು. ಹೀಗೆ ಆರಂಭವಾದ ನಮ್ಮ ಅಲೆದಾಟವೇ ಈ ಲೇಖನಕ್ಕೆ ಮೂಲ. ಆ ಊರಿನ ಯುವಕಯುವತಿಯರು ಕೈ ಹಿಡಿದು ನಡೆದಾಡುವ ದಾರಿಗಳಲ್ಲಿ ನಾವೂ ನಮ್ಮ ವಯಸ್ಸಿಗೆ ತಕ್ಕಂತೆ ಮೆಲ್ಲಗೆ ನಡೆದೆವು. ನಡೆಯುತ್ತ ಹೋದಂತೆ, ಪ್ರೇಮಿಗಳ ಈ ದಾರಿಗಳೂ ಒಂದು ಭಾಷೆಯು ಸಾವಿನ ಬಾಗಿಲಿಂದ ಹಿಂದಿರುಗಿದ ದಾರಿಗಳೂ ಒಂದೇ ಎಂಬುದು ತಿಳಿಯಿತು. ಅದನ್ನೇ ವಾಚಕರಲ್ಲಿ ನಿವೇದಿಸಿಕೊಳ್ಳುತ್ತೇನೆ.

ಮೊದಲು ಊರಿನ ಸನ್ನಿವೇಶವನ್ನು ಹೇಳಬೇಕು. ವಲ್ತಾವಾ ಎಂಬ ನದಿಯು ದಕ್ಷಿಣದಿಂದ ಬಂದು ಊರನ್ನು ಎರಡು ಭಾಗ ಮಾಡಿ ಉತ್ತರಕ್ಕೆ ಹರಿಯುತ್ತದೆ. ಎಡದಂಡೆಯ ದಿಬ್ಬದ ಮೇಲೆ ರಾಜದುರ್ಗ. ಅದರ ಬುಡದಲ್ಲಿ ‘ಮಾಲಾ ಸ್ತ್ರಾನಾ’, ಎಂದರೆ ಕಿರಿಯ ಬದಿ. ಬಲದಂಡೆಯಲ್ಲಿ ಹಳೆಯ ಪೇಟೆ, ಅದರಾಚೆ ೧೩೪೮ರಲ್ಲಿ ನಾಲ್ಕನೆಯ ಕಾರೆಲ್ ದೊರೆಯು ಸ್ಥಾಪಿಸಿದ ಹೊಸ ಪೇಟೆ. ಅದೇ ವರ್ಷ ಆತನು ವಿಶ್ವವಿದ್ಯಾಲಯವನ್ನೂ ಸ್ಥಾಪಿಸಿದನು. ‘ಹೊಸ ಪೇಟೆ’ಯೆಂಬುದಕ್ಕೇ ಆರುನೂರೆಪ್ಪತ್ತಕ್ಕೆ ಮೀರಿದ ವಯಸ್ಸಾಗಿರುವುದರಿಂದ, ಹಳೆಯದು ಎಷ್ಟು ಹಳೆಯದೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಎರಡು ದಂಡೆಗಳನ್ನೂ ಕೂಡಿಸುವ ಕಾರೆಲ್ ದೊರೆಯ ಕಲ್ಲುಸೇತುವೆಯು ಜಗತ್ಪ್ರಸಿದ್ಧವಾದದ್ದು. ಹಗಲಿನಲ್ಲಿ ಅಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ಆದರೆ ಸೂರ್ಯೋದಯಕ್ಕೆ ಮುಂಚೆ ಹೋದರೆ, ನೀರಿನ ಮೇಲಣ ಮಂಜು, ಸಾಲಾಗಿ ನಿಂತ ಮೂವತ್ತು ಶಿಲಾಮೂರ್ತಿಗಳು, ಇವಿಷ್ಟೇ ಇರುತ್ತವೆ. ಅಲ್ಲಿದ್ದ ಹಿಂದಿನ ಸೇತುವೆಯು ೧೩೪೨ರ ಪ್ರವಾಹದಲ್ಲಿ ಕೊಚ್ಚಿಹೋದ ಕಾರಣ ೧೩೫೭ರಲ್ಲಿ ಇದಕ್ಕೆ ಅಸ್ತಿಭಾರ ಹಾಕಿದರು. ಆ ವರ್ಷದ ೭ನೆಯ ತಿಂಗಳ ೯ನೆಯ ದಿನ, ೫ ಘಂಟೆ ೩೧ ನಿಮಿಷಕ್ಕೆ ದೊರೆಯು ಮೊದಲ ಕಲ್ಲನ್ನಿಟ್ಟನೆಂಬ ಪ್ರತೀತಿಯುಂಟು. ವರ್ಷ, ದಿನ, ತಿಂಗಳು, ಘಳಿಗೆಗಳನ್ನು ಅವರ ಕ್ರಮದಲ್ಲಿ ಸಾಲಾಗಿ ಬರೆದರೆ ೧೩೫೭೯೭೫೩೧ ಎಂದಾಗುತ್ತದೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ನಮ್ಮ ಚಿತ್ರಕವಿಗಳ ಗತಪ್ರತ್ಯಾಗತಬಂಧವನ್ನು ಕಲ್ಲಿನಲ್ಲಿ ಕಟ್ಟಿದಂತಾಯಿತು. ಮುಹೂರ್ತದಲ್ಲಿ ನಂಬಿಕೆಯಿಟ್ಟವರು ನಾವು ಮಾತ್ರವೇ ಎಂದು ತಿಳಿಯಬಾರದು.

ಇದೇ ಸೇತುವೆಯ ಮೇಲೆ ಒಂದು ಚಳಿಗಾಲದ ದಿನ ಯೋಹಾನೆಸ್ ಕೆಪ್ಲರನು ನಡೆದುಹೋಗುತ್ತಿದ್ದನು. ಗ್ರಹಗಳು ಸೂರ್ಯನ ಸುತ್ತ ದೀರ್ಘವೃತ್ತದಲ್ಲಿ ಚಲಿಸುತ್ತವೆಂಬುದನ್ನು ೧೬೦೯ರಲ್ಲಿ ಪ್ರಕಟಿಸಿದ ಆ ಜ್ಯೋತಿಷಿಯು ೧೬೦೦ರಿಂದ ೧೬೧೨ರ ವರೆಗೆ ಈ ಊರಿನಲ್ಲಿದ್ದನು. ಮಿತ್ರನೊಬ್ಬನಿಗೆ ಹೊಸವರ್ಷದ ಕಾಣಿಕೆ ಕೊಡಬೇಕು, ಕೈಯಲ್ಲಿ ಕಾಸಿಲ್ಲ. ಆಗ ಅವನ ಅಂಗಿಯ ಮೇಲೆ ಹಿಮದ ಹಳಕುಗಳು ಬಿದ್ದವು. ನೋಡಿದರೆ ಪ್ರತಿಯೊಂದಕ್ಕೂ ಆರು ಮೂಲೆಗಳು. ಐದೂ ಅಲ್ಲ, ಏಳೂ ಅಲ್ಲ, ಆರೇ ಏಕೆ ಎಂಬ ಪ್ರಶ್ನೆಯನ್ನೆತ್ತಿಕೊಂಡು ಒಂದು ಚಿಕ್ಕ ಪುಸ್ತಕವನ್ನೇ ಬರೆದು ೧೬೧೧ರಲ್ಲಿ ಮಿತ್ರನಿಗೆ ಅರ್ಪಿಸಿದನು. ಅದರಲ್ಲೊಂದು ಶ್ಲೇಷೆಯುಂಟು. ‘ನಿಕ್ಸ್’ ಎಂದರೆ ಲ್ಯಾಟಿನಿನಲ್ಲಿ ಹಿಮ. ಜರ್ಮನ್ ಆಡುಮಾತಿನಲ್ಲಿ ‘ಏನೂ ಇಲ್ಲ’. ಏನೂ ಇಲ್ಲದವನು ಏನೂ ಇಲ್ಲದುದನ್ನೇ ಕಾಣಿಕೆ ಕೊಟ್ಟನೆಂದು ತಾತ್ಪರ್ಯ. ಅದೇ ೧೬೧೧ರಲ್ಲಿ ಆತನ ಮಗುವೂ ಹೆಂಡತಿಯೂ ತೀರಿಕೊಂಡರೆಂಬುದನ್ನು ನೆನೆದಾಗ, ಆ ನಗೆಮಾತಿನ ಹಿಂದೆ ಕಾದಿದ್ದ ದುಃಖಕ್ಕೆ ಮನಸ್ಸು ಮರುಗುತ್ತದೆ.

ಸೇತುವೆಯ ಹಳೆಯ ಪೇಟೆಯ ತುದಿಯಲ್ಲಿರುವ ಗೋಪುರವು ಶಿಲ್ಪದ ದೃಷ್ಟಿಯಿಂದ ಬಹು ಸುಂದರವಾದದ್ದು. ಪ್ರವಾಸಿಗಳು ಅದರ ಕೆಳಗೆ ನಗುನಗುತ್ತ ಚಿತ್ರ ತೆಗೆಸಿಕೊಳ್ಳುತ್ತಾರೆ. ಆದರೆ ೧೬೨೧ರಿಂದ ಹತ್ತು ವರ್ಷ ಕಾಲ ಅದರ ಮೇಲೆ ಹನ್ನೆರಡು ಮಂದಿಯ ಶಿರಸ್ಸುಗಳು ನೇತಾಡುತ್ತಿದ್ದುವು. ೧೬೨೦ರ ನವೆಂಬರ್ ೮ರಂದು ಊರ ಹೊರಗಣ ಬಿಳಿಯ ಬೆಟ್ಟದ ಯುದ್ಧದಲ್ಲಿ ಚೆಕ್ ಜನರ ಪಕ್ಷವು ಹ್ಯಾಬ್ಸ್‌ಬರ್ಗ್ ಚಕ್ರವರ್ತಿಯ ಸೈನ್ಯಕ್ಕೆ ಸೋತಿತು. ಮರುವರ್ಷ ಜೂನ್ ೨೧ರಂದು ಹಳೆಯ ಪೇಟೆಯ ಚೌಕದಲ್ಲಿ ಇಪ್ಪತ್ತೇಳು ಮಂದಿ ಮುಖಂಡರಿಗೆ ಮರಣದಂಡನೆಯಾಯಿತು. ಆ ಚೌಕದ ನೆಲಗಲ್ಲಿನಲ್ಲಿ ಇಪ್ಪತ್ತೇಳು ಬಿಳಿಯ ಶಿಲುಬೆಗಳಿವೆ. ಗಡಿಯಾರವನ್ನು ನೋಡಲು ತಲೆಯೆತ್ತಿದವರು ಅವುಗಳನ್ನು ತುಳಿದುಕೊಂಡೇ ನಿಲ್ಲುತ್ತಾರೆ. ಸೋತದ್ದು ರಾಜ್ಯ ಮಾತ್ರವಲ್ಲ. ಕಾಲಕ್ರಮದಲ್ಲಿ ಜರ್ಮನ್ ಭಾಷೆಯು ಆಸ್ಥಾನಕ್ಕೂ ಕಚೇರಿಗೂ ವಿದ್ವತ್ಸಭೆಗೂ ಒಡತಿಯಾಯಿತು. ೧೭೮೪ರಲ್ಲಿ ವಿಶ್ವವಿದ್ಯಾಲಯದ ಪಾಠವೂ ಜರ್ಮನಿನಲ್ಲೇ ಆಯಿತು. ಚೆಕ್ ಭಾಷೆಯು ಅಡಿಗೆಮನೆಗೂ ಕುದುರೆಲಾಯಕ್ಕೂ ಸಂತೆಗೂ ಇಳಿಯಿತು. ಓದಿದ ಮನೆಯವರು ತಾಯಿನುಡಿಯಲ್ಲಿ ಮಾತಾಡಲು ನಾಚುವ ಕಾಲ ಬಂದೊದಗಿತು.

ಸೇತುವೆಯಿಂದ ಒಂದು ಕಲ್ಲು ಮೆಟ್ಟಲಸಾಲು ಕಾಂಪಾ ಎಂಬ ದ್ವೀಪಕ್ಕಿಳಿಯುತ್ತದೆ. ಅದನ್ನು ದಂಡೆಯಿಂದ ಬೇರ್ಪಡಿಸುವ ಕಿರುಗಾಲುವೆಗೆ ‘ಪಿಶಾಚಿಯ ತೊರೆ’ಯೆಂಬ ಅರ್ಥದ ಹೆಸರು; ಅದರಲ್ಲಿ ಹಳೆಯ ಗಿರಣಿಯ ಮರದ ಚಕ್ರವೊಂದಿದೆ. ನೀರಿಗೆ ತಾಗಿದ ಮನೆಗಳು, ಬಾಗಿದ ಮರಗಳು, ಕಲ್ಲುಬೆಂಚುಗಳು, ಎಲ್ಲವೂ ಮೆಲುಮಾತಿಗೆ ಹೇಳಿ ಮಾಡಿಸಿದಂತಿವೆ. ೨೦೦೨ರ ಆಗಸ್ಟಿನಲ್ಲಿ ಮಹಾಪ್ರವಾಹ ಬಂದು ಈ ದ್ವೀಪವೆಲ್ಲ ಮುಳುಗಿತ್ತೆಂಬುದನ್ನು ಈಗ ನೋಡಿದವರು ನಂಬುವುದು ಕಷ್ಟ.

ಈ ದ್ವೀಪದ ಉದ್ಯಾನದೊಳಗೆ ತೋಟದ ಗೋಡೆಗೆ ಸೇರಿದಂತೆ ಒಂದು ಮನೆಯಿದೆ. ಅದರಲ್ಲಿ ಒಂದು ಕಾಲದಲ್ಲಿ ಯೋಸೆಫ್ ದೊಬ್ರೋವ್ಸ್ಕಿ ಎಂಬ ವಿದ್ವಾಂಸನು ವಾಸವಾಗಿದ್ದನು. ೧೭೫೩ರಿಂದ ೧೮೨೯ರ ವರೆಗೆ ಬದುಕಿದ ಈತನು ಸ್ಲಾವ್ ಭಾಷಾಶಾಸ್ತ್ರಕ್ಕೆ ಆದ್ಯನು. ೧೮೦೯ರಲ್ಲಿ ಚೆಕ್ ಭಾಷೆಗೆ ಸಮಗ್ರವಾದ ವ್ಯಾಕರಣವನ್ನು ರಚಿಸಿದನು. ಆದರೆ ಆಶ್ಚರ್ಯವನ್ನು ನೋಡಿರಿ: ಆ ವ್ಯಾಕರಣವನ್ನು ಬರೆದದ್ದು ಜರ್ಮನ್ ಭಾಷೆಯಲ್ಲಿ! ಚೆಕ್ ನುಡಿಯು ಮತ್ತೆ ಉನ್ನತ ಸಾಹಿತ್ಯದ ಭಾಷೆಯಾದೀತೆಂಬ ಭರವಸೆಯು ಆತನಿಗೆ ಪೂರ್ಣವಾಗಿ ಇರಲಿಲ್ಲ. ಸಾಯುವವರ ಜಾತಕವನ್ನು ಶ್ರದ್ಧೆಯಿಂದ ಬರೆದಿಡುವ ಜೋಯಿಸರಂತೆ ಅವನು ಬರೆದನು. ಆ ಜಾತಕವನ್ನೇ ಕೈಯಲ್ಲಿ ಹಿಡಿದು ರೋಗಿಯು ಎದ್ದು ಕುಳಿತನು. ವಿದ್ವಾಂಸನ ನಿರಾಶೆಗಿಂತ ಅವನ ಶ್ರಮವೇ ದೊಡ್ಡದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಅಲ್ಲಿಂದ ಉತ್ತರಕ್ಕೆ ಸ್ವಲ್ಪ ದೂರ ಹೋದರೆ ಎತ್ತರವಾದ ಗೋಡೆಯಲ್ಲಿ ಒಂದು ಬಾಗಿಲು. ಅದು ವೋಯನ್ ಉದ್ಯಾನ. ಊರಿನ ಅತಿ ಹಳೆಯ ತೋಟಗಳಲ್ಲಿ ಒಂದು. ಹೊರಗೆ ಬೀದಿಯ ಗದ್ದಲ. ಬಾಗಿಲು ದಾಟಿದರೆ ಹಣ್ಣಿನ ಮರಗಳು, ಹುಲ್ಲು, ನವಿಲುಗಳು. ಸ್ವೇಚ್ಛೆಯಾಗಿ ನಡೆದಾಡುವ ನವಿಲನ್ನು ಕಂಡು ನಮ್ಮ ಮನೆಯವರಿಗೆ ಊರ ಬಂಧುಗಳನ್ನು ಕಂಡಷ್ಟು ಸಂತೋಷವಾಯಿತು. ಇದರ ಸಮೀಪದಲ್ಲಿಯೇ ಸೇನಾಪತಿ ವಾಲೆನ್‌ಸ್ಟೈನನ ಅರಮನೆಯ ಉದ್ಯಾನವೂ ಇದೆ. ಅಲ್ಲಿ ಸಾಲಾಗಿ ನಿಂತ ಕಂಚಿನ ದೇವತಾಮೂರ್ತಿಗಳೆಲ್ಲವೂ ಪ್ರತಿಕೃತಿಗಳು. ೧೬೪೮ರಲ್ಲಿ ಊರಿನ ಈ ಭಾಗವನ್ನು ಹಿಡಿದ ಸ್ವೀಡನ್ ದೇಶದ ಸೈನಿಕರು ಮೂಲಮೂರ್ತಿಗಳನ್ನು ಹೊತ್ತುಕೊಂಡು ಹೋದರು. ಅವು ಆ ದೇಶದಲ್ಲಿಯೇ ಉಳಿದಿವೆ. ಅರಮನೆಯನ್ನು ಕಟ್ಟಿಸಿದವನಾದರೂ ೧೬೩೪ರಲ್ಲಿ ತನ್ನ ಕಡೆಯವರ ಕೈಯಿಂದಲೇ ಹತನಾದನು. ಈಗ ಅದರಲ್ಲಿ ಚೆಕ್ ಗಣರಾಜ್ಯದ ಮೇಲ್ಮನೆಯು ಸೇರುತ್ತದೆ.

ರಾಜದುರ್ಗಕ್ಕೆ ಜನರೆಲ್ಲ ಹತ್ತಿ ಹೋಗುತ್ತಾರೆ. ಆದರೆ ಅದರ ಹಿಂದೆ, ಲೊರೆತಾ ದೇವಾಲಯದ ಘಂಟಾನಾದ ಕೇಳಿಸುವಷ್ಟು ದೂರದಲ್ಲಿ, ‘ನೋವೀ ಸ್ವ್ಯೆತ್’ ಎಂಬ ಓಣಿಯಿದೆ. ಹೆಸರಿನ ಅರ್ಥ ‘ಹೊಸ ಜಗತ್ತು’. ನೋಡಿದರೆ ಗುಬ್ಬಚ್ಚಿಗೂಡಿನಂಥ ಹಳೆಯ ಮನೆಗಳು. ೧೭೭೦ರಲ್ಲಿ ಮನೆಗಳಿಗೆ ಸಂಖ್ಯೆ ಕೊಡುವ ಪದ್ಧತಿ ಬರುವುದಕ್ಕೆ ಮುಂಚೆ ಈ ಊರಿನಲ್ಲಿ ಪ್ರತಿ ಮನೆಗೂ ಒಂದು ಚಿಹ್ನೆಯಿದ್ದಿತು. ಈ ಓಣಿಯವರು ಬಡವರಾದರೂ ತಮ್ಮ ಮನೆಗಳಿಗೆ ‘ಚಿನ್ನದ ಪೇರುಹಣ್ಣು’ ಮುಂತಾಗಿ ಚಿನ್ನದ ಹೆಸರುಗಳನ್ನೇ ಇಟ್ಟುಕೊಂಡರು. ಇಲ್ಲಿಯ ಒಂದು ಮನೆಯಲ್ಲಿಯೇ ಜ್ಯೋತಿಷಿ ಟೈಕೋ ಬ್ರಾಹೆಯು ಕೆಲಕಾಲ ವಾಸಿಸಿದನು. ಬರಿಗಣ್ಣಿನಿಂದ ಗ್ರಹಗತಿಗಳನ್ನು ಅಷ್ಟು ನಿಷ್ಕೃಷ್ಟವಾಗಿ ಅಳೆದವನು ಮತ್ತೊಬ್ಬನಿಲ್ಲ. ೧೬೦೧ರಲ್ಲಿ ಆತನು ತೀರಿಕೊಂಡಾಗ ಆ ಲೆಕ್ಕಗಳು ಕೆಪ್ಲರನ ಕೈಸೇರಿದುವು. ಆ ಓಣಿಯ ತುದಿಯಿಂದ ತುದಿಗೆ ನಡೆಯುವಾಗ ಇಬ್ಬರು ಎದುರಾದರು. ಅವರೂ ಗಂಡಹೆಂಡಿರು, ನಮಗಿಂತ ವೃದ್ಧರು. ಮಾತು ತಿಳಿಯದಿದ್ದರೂ ನಾಲ್ವರೂ ನಕ್ಕು ತಲೆಬಾಗಿ ಮುಂದುವರಿದೆವು.

ಸ್ತ್ರಾಹೊವ್ ಮಠದ ಪ್ರಸಿದ್ಧ ಗ್ರಂಥಭಂಡಾರವನ್ನು ಹಾಯ್ದು ಮುಂದೆ ಹೋದರೆ ಪೆತ್ರ್ಷೀನ್ ಗುಡ್ಡ. ಅದರ ಇಳಿಜಾರೆಲ್ಲ ಹಣ್ಣಿನ ತೋಪು. ವಸಂತದಲ್ಲಿ ಬಿಳಿಯ ಹೂವು ಸುರಿದು ದಾರಿಯೇ ಕಾಣದಾಗುತ್ತದೆ. ಅದರ ಮೇಲಿಂದ ಹಲ್ಲುಹಲ್ಲಾದ ಕೋಟೆಗೋಡೆಯೊಂದು ಇಳಿದು ಬರುತ್ತದೆ. ಅದಕ್ಕೆ ‘ಹಸಿವಿನ ಗೋಡೆ’ ಎಂದು ಹೆಸರು. ೧೩೬೦ರಿಂದ ೧೩೬೨ರ ವರೆಗೆ ಕಾರೆಲ್ ದೊರೆಯು ಇದನ್ನು ಕಟ್ಟಿಸಿದನು. ೧೩೬೧ರ ಕ್ಷಾಮದಲ್ಲಿ ಹಸಿದವರಿಗೆ ಕೂಲಿ ಕೊಡುವುದಕ್ಕಾಗಿಯೇ ಕಟ್ಟಿಸಿದನೆಂದು ಜನರ ನಂಬಿಕೆ. ಶತ್ರುಗಳನ್ನು ತಡೆಯಲು ಕಟ್ಟಿದ್ದೋ, ಹಸಿವನ್ನು ತಡೆಯಲು ಕಟ್ಟಿದ್ದೋ, ಜನರ ನೆನಪಿನಲ್ಲಿ ಉಳಿದದ್ದು ಎರಡನೆಯದೇ. ಕ್ಷಾಮಕಾಲದಲ್ಲಿ ಕೆರೆಯ ಹೂಳೆತ್ತಿಸಿದ ಕಥೆಗಳನ್ನು ಕೇಳಿ ಬೆಳೆದ ನಮಗೆ ಇದು ಅಪರಿಚಿತವಲ್ಲ.

ಈ ಗುಡ್ಡದ ಇಳಿಜಾರಿನಲ್ಲಿ ಕಾರೆಲ್ ಹಿನೆಕ್ ಮಾಖಾ ಎಂಬ ಕವಿಯ ಮೂರ್ತಿಯಿದೆ. ೧೯೧೨ರಲ್ಲಿ ನಿಲ್ಲಿಸಿದ್ದು, ಮಿಸ್ಲ್‌ಬೆಕ್ ಎಂಬ ಶಿಲ್ಪಿಯ ಕೃತಿ. ಪ್ರತಿ ವರ್ಷ ಮೇ ತಿಂಗಳ ೧ನೆಯ ದಿನ ಊರಿನ ಪ್ರೇಮಿಗಳು ಇಲ್ಲಿಗೆ ಬಂದು ಕವಿಯ ಪಾದದ ಬಳಿ ಹೂವಿಡುತ್ತಾರೆ. ಹೂ ಬಿಟ್ಟ ಮರದ ಕೆಳಗೆ ಪ್ರಿಯೆಯನ್ನು ಚುಂಬಿಸುತ್ತಾರೆ. ನಾವು ಹೋದದ್ದೂ ಅದೇ ದಿನವೇ. ಪಾಠಶಾಲೆಯಲ್ಲಿ ಬೆಳೆದ ನನಗೆ ಮೊದಮೊದಲು ಎತ್ತ ನೋಡಬೇಕೋ ತಿಳಿಯದಾಯಿತು. ವಸಂತೋತ್ಸವದ ವರ್ಣನೆಯನ್ನು ನಾಟಕಗಳಲ್ಲಿ ಪಾಠ ಹೇಳುವುದು ಬೇರೆ, ಕಣ್ಣೆದುರಿಗೆ ಕಾಣುವುದು ಬೇರೆ. ಆದರೆ ಅಲ್ಲಿ ಅಸಭ್ಯತೆಯ ಲೇಶವೂ ಇರಲಿಲ್ಲ. ಒಂದು ವ್ರತವನ್ನು ನಡೆಸುವವರ ಗಾಂಭೀರ್ಯವಿದ್ದಿತು. ಮೂರ್ತಿಯನ್ನೇ ನೋಡುತ್ತಿದ್ದ ನಮ್ಮ ಮನೆಯವರು, “ಪಾಪ, ಈ ಕವಿಗೆ ಮದುವೆಯಾಗಿತ್ತೇ?” ಎಂದು ಕೇಳಿದರು. ಆ ಪ್ರಶ್ನೆಗೆ ಉತ್ತರವನ್ನು ನಾನು ಆಗಲೇ ಓದಿದ್ದೆನು. ಹೇಳಲು ಬಾಯಿ ಬರಲಿಲ್ಲ.

ಮಾಖಾ ಹುಟ್ಟಿದ್ದು ೧೮೧೦ರ ನವೆಂಬರ್ ೧೬ರಂದು, ಇದೇ ಗುಡ್ಡದ ಬುಡದ ಬಡವರ ಬೀದಿಯಲ್ಲಿ. ನಡಿಗೆಯಲ್ಲಿ ಅವನಿಗೆ ಸಮಾನರಿರಲಿಲ್ಲ. ಹಾಳುಕೋಟೆಗಳನ್ನು ಅರಸಿಕೊಂಡು ನಾಡನ್ನೆಲ್ಲ ಸುತ್ತಿದನು. ೧೮೩೪ರಲ್ಲಿ ಸ್ನೇಹಿತನೊಡನೆ ವೆನಿಸ್ ನಗರದ ವರೆಗೂ ಕಾಲ್ನಡಿಗೆಯ ಯಾತ್ರೆ ಮಾಡಿದನು. ೧೮೩೬ರ ವಸಂತದಲ್ಲಿ ‘ಮಾಯ್’, ಎಂದರೆ ಮೇ ಮಾಸವೆಂಬ ಹೆಸರಿನ ಕಾವ್ಯವನ್ನು ಸ್ವಂತ ಖರ್ಚಿನಿಂದ ಆರುನೂರು ಪ್ರತಿ ಅಚ್ಚು ಹಾಕಿಸಿದನು. ವಿಮರ್ಶಕರು ಹಳಿದರು, ದೇಶಕ್ಕೆ ಉಪಯೋಗವಿಲ್ಲದ ವಿಷಾದವೆಂದರು. ಅದೇ ವರ್ಷ ಅವನು ಲಿತೊಮ್ಯೆರ್ಷಿತ್ಸೆ ಎಂಬ ಊರಿಗೆ ವಕೀಲರ ಬಳಿ ಗುಮಾಸ್ತೆಗಿರಿಗೆ ಹೋದನು. ಅಲ್ಲಿ ಬೆಂಕಿ ಬಿದ್ದಾಗ ಆರಿಸಲು ಓಡಿದನು. ಕೆಲವೇ ದಿನಗಳಲ್ಲಿ ಕಾಯಿಲೆ ಬಿದ್ದು ನವೆಂಬರ್ ಮೊದಲ ವಾರದಲ್ಲಿ ಮೃತನಾದನು. ಇಪ್ಪತ್ತಾರು ತುಂಬಿರಲಿಲ್ಲ. ಅವನ ಮಗುವಿನ ತಾಯಿಯಾಗಿದ್ದ ಲೋರಿಯೊಡನೆ ಅವನ ವಿವಾಹವು ನವೆಂಬರ್ ೮ಕ್ಕೆ ಗೊತ್ತಾಗಿತ್ತು. ಆ ದಿನವೇ ಅವನನ್ನು ಮಣ್ಣು ಮಾಡಿದರು. ಗುಡ್ಡವನ್ನಿಳಿಯುವಾಗ ಇದನ್ನು ಹೇಳಿದೆನು. ನಮ್ಮ ಮನೆಯವರು ಬಹಳ ಹೊತ್ತು ಮಾತಾಡಲಿಲ್ಲ. ಕಡೆಗೆ, “ಅದಕ್ಕೇ ಇರಬೇಕು, ಈ ಮಕ್ಕಳೆಲ್ಲ ಅವನ ಮದುವೆಯನ್ನು ವರ್ಷವರ್ಷವೂ ನಡೆಸಿಕೊಡುತ್ತಾರೆ” ಎಂದರು. ಇದಕ್ಕಿಂತ ಮೇಲಾದ ವ್ಯಾಖ್ಯಾನವನ್ನು ನಾನು ಯಾವ ಪುಸ್ತಕದಲ್ಲಿಯೂ ಕಾಣೆನು. ಆ ಮೂರ್ತಿಯ ಮುಖವೂ ಶಿಲ್ಪಿಯ ಕಲ್ಪನೆಯೇ. ಕವಿಯ ನಂಬತಕ್ಕ ಭಾವಚಿತ್ರವೊಂದೂ ಉಳಿದಿಲ್ಲ.

ಆ ಲಿತೊಮ್ಯೆರ್ಷಿತ್ಸೆಯಲ್ಲಿಯೇ ಅದಕ್ಕೆ ಹಿಂದೆ ಉಪಾಧ್ಯಾಯನಾಗಿದ್ದವನು ಯೋಸೆಫ್ ಯುಂಗ್‌ಮನ್. ನಮ್ಮ ವೃತ್ತಿಯವನಾದ ಕಾರಣ ಇವನ ಮೇಲೆ ನನಗೆ ವಿಶೇಷ ಅಭಿಮಾನ. ಶಾಲೆಯಲ್ಲಿ ಜರ್ಮನ್ ಮಾತ್ರ ನಡೆಯುತ್ತಿದ್ದಾಗ, ಇವನು ಸಂಬಳವಿಲ್ಲದೆ ಮಕ್ಕಳಿಗೆ ಚೆಕ್ ಪಾಠ ಹೇಳಿದನು. ೧೮೧೫ರಿಂದ ಪ್ರಾಗಿನಲ್ಲಿ ಮೇಷ್ಟರಾಗಿದ್ದುಕೊಂಡು, ೧೮೩೪ರಿಂದ ೧೮೩೯ರ ವರೆಗೆ ಐದು ಸಂಪುಟಗಳಲ್ಲಿ ಸುಮಾರು ಒಂದು ಲಕ್ಷ ಇಪ್ಪತ್ತು ಸಾವಿರ ಶಬ್ದಗಳ ಚೆಕ್-ಜರ್ಮನ್ ನಿಘಂಟನ್ನು ಹೊರತಂದನು. ಇಲ್ಲದ ಪದಗಳನ್ನು ಸೋದರಭಾಷೆಗಳಾದ ಪೋಲಿಷ್, ರಷ್ಯನ್‌ಗಳಿಂದ ತಂದನು. ಅಲ್ಲಿಯೂ ದೊರಕದಿದ್ದಾಗ ತಾನೇ ಟಂಕಿಸಿದನು. ಮಿಲ್ಟನ್ ಕವಿಯ ಮಹಾಕಾವ್ಯವನ್ನು ೧೮೧೧ರಲ್ಲಿಯೇ ಚೆಕ್ಕಿಗೆ ತಿರುಗಿಸಿ, ಅಡಿಗೆಮನೆಯ ನುಡಿಯು ಮಹಾಕಾವ್ಯದ ಭಾರವನ್ನೂ ಹೊರಬಲ್ಲದೆಂದು ತೋರಿಸಿದನು. ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟನ್ನು ಬಳಸಿದ ಕನ್ನಡಿಗರಿಗೆ, ಒಬ್ಬನೇ ಕುಳಿತು ನುಡಿಯೊಂದರ ಆಸ್ತಿಯನ್ನೆಲ್ಲ ಎಣಿಸಿಡುವ ತಪಸ್ಸು ಎಂಥದೆಂಬುದನ್ನು ವಿವರಿಸಬೇಕಾಗಿಲ್ಲ. ಮಾಖಾ ಬರೆದ ನುಡಿಯು ಇಂಥವರು ಉತ್ತು ಹದಮಾಡಿದ ಹೊಲದಲ್ಲಿ ಬೆಳೆದದ್ದು.

ಒಂದು ದಿನ ಹಳೆಯ ಪೇಟೆಯ ಯೆಹೂದ್ಯರ ಕೇರಿಗೆ ಹೋದೆವು. ಇದು ವಿಹಾರದ ದಾರಿಯಲ್ಲ, ಆದರೂ ಬಿಡಬಾರದು. ಅಲ್ಲಿಯ ಹಳೆಯ ಶ್ಮಶಾನದಲ್ಲಿ ೧೪೩೯ರಿಂದ ೧೭೮೭ರ ವರೆಗಿನ ಸುಮಾರು ಹನ್ನೆರಡು ಸಾವಿರ ಸಮಾಧಿಶಿಲೆಗಳು ಒಂದಕ್ಕೊಂದು ಒರಗಿ ನಿಂತಿವೆ. ಸ್ಥಳ ಸಾಲದೆ ಪದರದ ಮೇಲೆ ಪದರವಾಗಿ ಹೂಳಿದರು. ಪಕ್ಕದ ಪಿಂಕಸ್ ಪ್ರಾರ್ಥನಾಮಂದಿರದ ಗೋಡೆಗಳ ಮೇಲೆ ನಾಜಿಗಳು ಕೊಂದ ಬೊಹೀಮಿಯ, ಮೊರಾವಿಯಗಳ ಯೆಹೂದ್ಯರ ಹೆಸರುಗಳನ್ನು, ಎಪ್ಪತ್ತೇಳು ಸಾವಿರಕ್ಕೂ ಮೇಲ್ಪಟ್ಟು, ಕೈಯಿಂದಲೇ ಬರೆದಿದ್ದಾರೆ. ೧೯೫೪ರಿಂದ ೧೯೫೯ರ ವರೆಗೆ ಬರೆದ ಆ ಹೆಸರುಗಳು, ೧೯೬೮ರಲ್ಲಿ ಮಂದಿರವನ್ನು ಮುಚ್ಚಿದ ಬಳಿಕ ಅಳಿದುಹೋದುವು. ಸರಕಾರ ಬದಲಾದ ಮೇಲೆ, ೧೯೯೨ರಿಂದ ೧೯೯೬ರ ವರೆಗೆ, ಅಷ್ಟನ್ನೂ ಮತ್ತೆ ಬರೆದರು. ಹೆಸರಿಟ್ಟು ತರ್ಪಣ ಬಿಡುವ ಸಂಪ್ರದಾಯದವರಾದ ನಾವಿಬ್ಬರೂ ಅಲ್ಲಿ ಮಾತಿಲ್ಲದೆ ನಿಂತೆವು.

ಈ ಊರಿಗೂ ನಮ್ಮ ದೇಶಕ್ಕೂ ಇರುವ ನಂಟನ್ನು ಹೇಳದಿದ್ದರೆ ಕೃತಘ್ನತೆಯಾದೀತು. ಆಲ್‌ಫ್ರೆಡ್ ಲುಡ್ವಿಗ್ ಎಂಬ ಪಂಡಿತನು ೧೮೭೬ರಿಂದ ೧೮೮೮ರ ವರೆಗೆ ಆರು ಸಂಪುಟಗಳಲ್ಲಿ ಋಗ್ವೇದದ ಜರ್ಮನ್ ಅನುವಾದವನ್ನು ಈ ಊರಿನಲ್ಲಿ ಪ್ರಕಟಿಸಿದನು. ಮ್ಯಾಕ್ಸ್ ಮುಲ್ಲರನ ಸಹಾಯಕನಾಗಿದ್ದ ಮೋರಿಟ್ಸ್ ವಿಂಟರ್ನಿಟ್ಸನು ಇಲ್ಲಿಯೇ ಪ್ರಾಧ್ಯಾಪಕನಾಗಿದ್ದು ಭಾರತೀಯ ಸಾಹಿತ್ಯದ ಇತಿಹಾಸವನ್ನು ಮೂರು ಸಂಪುಟಗಳಲ್ಲಿ ರಚಿಸಿದನು. ೧೯೩೭ರಲ್ಲಿ ಇಲ್ಲಿಯೇ ದಿವಂಗತನಾದನು. ರವೀಂದ್ರನಾಥ ಠಾಕೂರರು ೧೯೨೧ರಲ್ಲಿಯೂ ೧೯೨೬ರಲ್ಲಿಯೂ ಇಲ್ಲಿಗೆ ಬಂದರು. ವಿನ್ಸೆಂಟ್ಸ್ ಲೆಸ್ನಿ ಎಂಬ ವಿದ್ವಾಂಸನು ಅವರ ಕೃತಿಗಳನ್ನು ವಂಗಭಾಷೆಯಿಂದಲೇ ನೇರವಾಗಿ ಚೆಕ್ಕಿಗೆ ತಂದನು. ಅವರ ಹೆಸರಿನ ಬೀದಿಯೂ ಪ್ರತಿಮೆಯೂ ಊರಿನ ದೆಯ್ವಿತ್ಸೆ ಭಾಗದಲ್ಲಿವೆ. ಕನ್ನಡವನ್ನೊಳಗೊಂಡ ದ್ರಾವಿಡ ಭಾಷೆಗಳ ಧ್ವನಿಗಳನ್ನು ತೌಲನಿಕವಾಗಿ ವಿವೇಚಿಸಿ ೧೯೭೦ರಲ್ಲಿ ಗ್ರಂಥ ಬರೆದ ಕಾಮಿಲ್ ಜ್ವೆಲೆಬಿಲ್ ಕೂಡ ಪ್ರಾಗಿನವನೇ. ೧೯೬೮ರಲ್ಲಿ ಸೋವಿಯೆತ್ ಸೈನ್ಯವು ನುಗ್ಗಿದ ತರುವಾಯ ದೇಶ ಬಿಟ್ಟನು. ತಮ್ಮ ನುಡಿಗಾಗಿ ಸಂಕಟಪಟ್ಟವರಿಗೆ ಇತರರ ನುಡಿಯ ಬೆಲೆ ತಿಳಿಯುವುದು ಸಹಜವಷ್ಟೆ.

ಕಡೆಯ ವಾರದಲ್ಲಿ ನದಿಯ ಬಲದಂಡೆಯನ್ನೇ ಹಿಡಿದು ದಕ್ಷಿಣಕ್ಕೆ ನಡೆದೆವು. ದಾರಿಯಲ್ಲಿ ರಾಷ್ಟ್ರೀಯ ರಂಗಮಂದಿರ. ಜನರು ಕಾಸುಕಾಸಾಗಿ ಕೂಡಿಸಿ ಕಟ್ಟಿದ ಇದು ೧೮೮೧ರ ಜೂನಿನಲ್ಲಿ ತೆರೆದು ಆಗಸ್ಟಿನಲ್ಲಿಯೇ ಸುಟ್ಟುಹೋಯಿತು. ಜನರು ಮತ್ತೆ ಹಣ ಕೂಡಿಸಿದರು. ೧೮೮೩ರ ನವೆಂಬರಿನಲ್ಲಿ ಮತ್ತೆ ಬಾಗಿಲು ತೆರೆಯಿತು. ಅಂದು ಆಡಿದ ಸಂಗೀತನಾಟಕ ‘ಲಿಬುಶೆ’ಯ ಕರ್ತೃವಾದ ಸ್ಮೆತಾನನಿಗೆ ಆಗ ಕಿವಿ ಕೇಳುತ್ತಿರಲಿಲ್ಲ. ತನ್ನ ನಾದವನ್ನು ತಾನೇ ಕೇಳಲಾರದೆ ಆತನು ಜನರ ಮುಖಗಳನ್ನು ನೋಡಿಯೇ ತೃಪ್ತನಾಗಬೇಕಾಯಿತು.

ಆ ದಾರಿಯು ವಿಶೆಹ್ರಾದ್ ಎಂಬ ಬಂಡೆಯ ಮೇಲಣ ಹಳೆಯ ಕೋಟೆಗೆ ಮುಟ್ಟಿಸುತ್ತದೆ. ಕೋಟೆಗೋಡೆಯ ಮೇಲಿನಿಂದ ನದಿಯ ತಿರುವೂ ಊರಿನ ಗೋಪುರಗಳೂ ಒಟ್ಟಿಗೆ ಕಾಣುತ್ತವೆ. ಆದರೂ ಇಲ್ಲಿಗೆ ಬರುವ ಪರಸ್ಥಳದವರು ಕಡಿಮೆ. ಇಲ್ಲಿ ನಿಂತೇ ಲಿಬುಶೆಯೆಂಬ ರಾಣಿಯು ನಕ್ಷತ್ರಗಳನ್ನು ಮುಟ್ಟುವ ಕೀರ್ತಿಯುಳ್ಳ ನಗರವೊಂದನ್ನು ದಿವ್ಯದೃಷ್ಟಿಯಿಂದ ಕಂಡಳೆಂದು ಐತಿಹ್ಯ. ಮನೆಗೆ ಹೊಸ್ತಿಲು ಕೆತ್ತುವವನು ಕಂಡಲ್ಲಿ ಊರು ಕಟ್ಟಿರೆಂದಳಂತೆ, ಹೊಸ್ತಿಲಿಗೆ ಅವರ ನುಡಿಯಲ್ಲಿ ‘ಪ್ರಾಹ್’, ಅದರಿಂದ ‘ಪ್ರಾಹಾ’. ಹನ್ನೊಂದನೆಯ ಶತಮಾನದ ದುಂಡನೆಯ ಗುಡಿಯೊಂದು ಇನ್ನೂ ಇದೆ. ಅದಕ್ಕೂ ಮಿಗಿಲಾದದ್ದು ಅಲ್ಲಿಯ ರುದ್ರಭೂಮಿ. ಸ್ಮೆತಾನಾ, ದ್ವೋರ್ಷಾಕ್, ‘ರೋಬೋಟ್’ ಎಂಬ ಶಬ್ದವನ್ನು ೧೯೨೦ರಲ್ಲಿ ನಾಟಕದ ಮೂಲಕ ಜಗತ್ತಿಗೆ ಕೊಟ್ಟ ಕಾರೆಲ್ ಚಾಪೆಕ್, ಇವರೆಲ್ಲ ಇಲ್ಲಿ ಮಲಗಿದ್ದಾರೆ. ಮಾಖಾ ಕೂಡ.

ಲಿತೊಮ್ಯೆರ್ಷಿತ್ಸೆಯಲ್ಲಿ ಹೂಳಿದವನು ಇಲ್ಲಿಗೆ ಬಂದದ್ದು ಹೇಗೆ? ೧೯೩೮ರ ಸೆಪ್ಟೆಂಬರ್ ಕೊನೆಯಲ್ಲಿ ಮ್ಯೂನಿಕ್ ಒಪ್ಪಂದವಾಗಿ ಗಡಿಸೀಮೆಯೆಲ್ಲ ಹಿಟ್ಲರನ ಪಾಲಾದಾಗ, ಆ ಊರೂ ಅದರೊಡನೆ ಹೋಯಿತು. ಮನೆಮಠ ಬಿಟ್ಟು ಹೊರಡುವ ಆ ಗಳಿಗೆಯಲ್ಲಿ ಚೆಕ್ಕರು ತಮ್ಮ ಕವಿಯ ಅಸ್ಥಿಗಳನ್ನು ಅಗೆದು ತೆಗೆದು ಪ್ರಾಗಿಗೆ ತಂದರು. ೧೯೩೯ರ ಮಾರ್ಚ್ ೧೫ರಂದು ಪ್ರಾಗ್ ಪಟ್ಟಣವೂ ಜರ್ಮನರ ವಶವಾಯಿತು. ಆ ಮೇ ೭ರಂದು, ಪರಕೀಯ ಸೈನ್ಯದ ಕಣ್ಣೆದುರಿಗೆ, ಸತ್ತು ನೂರೆರಡು ವರ್ಷ ಕಳೆದಿದ್ದ ಕವಿಗೆ ಅವರು ಮತ್ತೊಮ್ಮೆ ಅಂತ್ಯವಿಧಿಗಳನ್ನು ನಡೆಸಿ ವಿಶೆಹ್ರಾದಿನಲ್ಲಿ ಮಣ್ಣು ಮಾಡಿದರು. ಬದುಕಿದ್ದಾಗ ದೇಶಕ್ಕೆ ಉಪಯೋಗವಿಲ್ಲದವನೆನಿಸಿಕೊಂಡ ಪ್ರೇಮಕವಿಯು ದೇಶವೇ ಇಲ್ಲವಾದಾಗ ಅದರ ಗುರುತಾದನು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಅದೇ ವರ್ಷ ನವೆಂಬರ್ ೧೭ರಂದು ಜರ್ಮನರು ಚೆಕ್ ವಿದ್ಯಾಪೀಠಗಳನ್ನು ಮುಚ್ಚಿ, ವಿದ್ಯಾರ್ಥಿಮುಖಂಡರೇ ಮೊದಲಾದ ಒಂಬತ್ತು ಮಂದಿಯನ್ನು ವಿಚಾರಣೆಯಿಲ್ಲದೆ ಕೊಂದರು. ಇದಕ್ಕೆ ಸರಿಯಾಗಿ ಐವತ್ತು ವರ್ಷದ ಮೇಲೆ, ೧೯೮೯ರ ನವೆಂಬರ್ ೧೭ರಂದು, ಆಗಿನ ಏಕಪಕ್ಷದ ಆಡಳಿತದಡಿ, ಸಹಸ್ರಾರು ವಿದ್ಯಾರ್ಥಿಗಳು ಅವರ ಸ್ಮರಣೆಗೆಂದು ಮೆರವಣಿಗೆ ಹೊರಟರು. ಮೆರವಣಿಗೆ ಬಂದು ಮುಟ್ಟಿದ್ದು ಮಾಖಾನ ಸಮಾಧಿಗೆ. ಅಲ್ಲಿ ದೀಪ ಹಚ್ಚಿದರು. ಅಲ್ಲಿಗೇ ಚದರಬೇಕಾಗಿತ್ತು, ಚದರಲಿಲ್ಲ. ನಾವು ಬಂದ ಅದೇ ನದೀತೀರದ ದಾರಿಯಲ್ಲಿ ಊರಿನ ಕಡೆಗೆ ನಡೆದರು. ರಂಗಮಂದಿರದ ಪಕ್ಕದ ಬೀದಿಯಲ್ಲಿ ಪೊಲೀಸರು ತಡೆದು ಹೊಡೆದರು. ಆ ಪೆಟ್ಟಿನಿಂದ ಎದ್ದ ಜನಾಂದೋಲನವು ಆರು ವಾರದೊಳಗೆ ಆಡಳಿತವನ್ನು ಬದಲಿಸಿತು. ಡಿಸೆಂಬರ್ ೨೯ರಂದು ವಾಸ್ಲಾವ್ ಹಾವೆಲ್ ಎಂಬ ನಾಟಕಕಾರನು ರಾಷ್ಟ್ರಾಧ್ಯಕ್ಷನಾದನು.

ಆ ಸಂಜೆ ನಾವು ಸಮಾಧಿಯ ಬಳಿ ನಿಂತಿದ್ದಾಗ ಹುಡುಗನೊಬ್ಬನು ಹುಡುಗಿಯೊಬ್ಬಳೊಡನೆ ಬಂದು ಒಂದು ಕೊಂಬೆ ಹೂವನ್ನಿಟ್ಟು ಹೋದನು. ನಮ್ಮ ಮನೆಯವರು ಕೈಚೀಲದಲ್ಲಿ ಹುಡುಕಿ, ಬೆಳಗ್ಗೆ ಪೂಜೆಗೆಂದು ತೆಗೆದಿಟ್ಟಿದ್ದ ಹೂವೊಂದನ್ನು ಅದರ ಪಕ್ಕದಲ್ಲಿಟ್ಟರು. ಹಿಂದಿರುಗುವ ದಾರಿಯಲ್ಲಿ, “ನಮ್ಮ ಜಿಲ್ಲೆಯ ಕವಿಗಳ ಸಮಾಧಿ ಎಲ್ಲೆಲ್ಲಿದೆಯೆಂದು ನಿಮಗೆ ಗೊತ್ತೇ?” ಎಂದು ಕೇಳಿದರು. ಇಷ್ಟು ವರ್ಷ ಮಕ್ಕಳಿಗೆ ಕವಿಕಾವ್ಯಗಳನ್ನು ಬೋಧಿಸಿದ ನಾನು ಉತ್ತರ ಹೇಳಲಾರದೆ ಹೋದೆನು. ಊರಿಗೆ ಬಂದ ಮೇಲೆ ವಿಚಾರಿಸಲು ಆರಂಭಿಸಿದ್ದೇನೆ. ಎರಡು ತಾಣಗಳ ಸುಳಿವು ಸಿಕ್ಕಿದೆ. ಮಳೆಗಾಲ ಕಳೆದ ಮೇಲೆ ನಾವಿಬ್ಬರೂ ನಡೆದೇ ಹೋಗಿ ನೋಡಿಬರಬೇಕೆಂದಿದ್ದೇವೆ. ವಾಚಕರಲ್ಲಿ ಬಲ್ಲವರು ಯಾರಾದರೂ ಇದ್ದರೆ, ದಾರಿ ಸುತ್ತಾದರೂ ಚಿಂತೆಯಿಲ್ಲ, ತಿಳಿಸುವ ಕೃಪೆ ಮಾಡಬೇಕು.